ನೆನೆಸದ ಜೀನ್ಸ್

ಪ್ಯಾಂಟಿನ ವಿಷಯದಲ್ಲಿ ಜ್ಯೋತಿಲಕ್ಷ್ಮಿಗೆ ಎದುರಾಡಿದವರು ಮಾಕಳಿಯಲ್ಲಿ ಯಾರೂ ಇರಲಿಲ್ಲ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಜೀನ್ಸ್ ಲೈನಿನ ಸೂಪರ್‌ವೈಸರ್ ಆಗಿದ್ದವಳು, ಅದನ್ನು ಬಿಟ್ಟು ಪಿಳ್ಳಮ್ಮನವರ ಮಳಿಗೆಯನ್ನು ಬಾಡಿಗೆಗೆ ಹಿಡಿದು ಆಲ್ಟ್ರೇಷನ್ ಅಂಗಡಿ ಇಟ್ಟಿದ್ದಳು. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಟೇಪು ಹಿಡಿಯದೆ ಸೊಂಟದ ಅಳತೆ ಹೇಳುತ್ತಿದ್ದಳು. ಹೇಳಿದ್ದು ಸರಿಯಾಗಿಯೂ ಇರುತ್ತಿತ್ತು, ಬಂದ ತೊಂದರೆಯೇ ಅದು. ಸದಾ ಸರಿ ಹೇಳಿ ರೂಢಿಯಾದವರಿಗೆ ಇನ್ನೊಬ್ಬರ ಮಾತು ಕಿವಿಯೊಳಗೆ ಇಳಿಯುವುದಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಪಿಳ್ಳಮ್ಮನವರ ಸೊಸೆ ದೀಪಶ್ರೀ ಒಂದು ಹೊಸ ಜೀನ್ಸ್ ತಂದಳು. ಕಂಪನಿ ಟ್ರೈನಿಂಗಿಗೆಂದು ಜಪಾನಿಗೆ ಹೋಗಿದ್ದ ಗೆಳೆಯನೊಬ್ಬ ಅವಳ ಗಂಡ ಲೋಕೇಶನಿಗೆ ತಂದುಕೊಟ್ಟದ್ದು. ಬಟ್ಟೆ ರಟ್ಟಿನಷ್ಟು ಬಿರುಸು, ಮುಟ್ಟಿದ ಬೆರಳಿಗೆಲ್ಲ ನೀಲಿ. ಒಳಗಡೆ ಪಕ್ಕದ ಹೊಲಿಗೆಯಲ್ಲಿ ಮಗ್ಗದ ಅಂಚನ್ನು ಹಾಗೇ ಉಳಿಸಿದ್ದರು, ಬಿಳಿ ಅಂಚಿನಲ್ಲಿ ಒಂದು ಕೆಂಪು ಎಳೆ. ಪಾದದ ಮಡಿಕೆಗೆ ಸರಪಳಿ ಹೆಣೆದಂಥ ಚೈನ್ ಸ್ಟಿಚ್. ಜ್ಯೋತಿಲಕ್ಷ್ಮಿ ಅದನ್ನು ಒಳಗು ಹೊರಗು ಮಾಡಿ ನೋಡಿ, ಹೊಲಿದವರಿಗೆ ಮನಸ್ಸಿನಲ್ಲೇ ಕೈಮುಗಿದಳು.

"ಅಕ್ಕ, ಕಾಲಿನ ಉದ್ದ ಕಡಿಮೆ ಮಾಡ್ಬೇಕು. ಆದ್ರೆ ಇದಿನ್ನೂ ನೀರೇ ಕಾಣದ ಬಟ್ಟೆ ಅಂತೆ. ಮೊದ್ಲು ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸ್ಬೇಕು ಅಂದ್ರು ಇವ್ರು. ಮನೇಲಿ ನೆನೆಸ್ಕೊಂಡು ತರ್ಲಾ?" ಎಂದಳು ದೀಪಶ್ರೀ.

ಅಂಗಡಿಯಲ್ಲಿ ಅವರಿಬ್ಬರೇ ಇದ್ದರು. ಜ್ಯೋತಿಲಕ್ಷ್ಮಿ ನಕ್ಕಳು. "ನಿಮ್ಮೆಜಮಾನ್ರು ಯಾವಾಗ ಜೀನ್ಸ್ ಹೊಲ್ದಿದ್ರಮ್ಮ? ಫ್ಯಾಕ್ಟರೀಲಿ ಮೊದ್ಲು ಮಡಿಕೆ ಹೊಲೀತೀವಿ, ಆಮೇಲೇನೇ ವಾಷಿಂಗು. ನಂಗೆ ಹೇಳ್ಕೊಡ್ಬೇಡ, ಇಟ್ಟೋಗು."

ದೀಪಶ್ರೀ ಅರೆಮನಸ್ಸಿನಿಂದ ಇಟ್ಟು ಹೋದಳು. ಜ್ಯೋತಿಲಕ್ಷ್ಮಿ ಲೋಕೇಶನ ಅಳತೆಗೆ ಸರಿಯಾಗಿ ಕತ್ತರಿಸಿದಳು. ಗುಜರಿಯಿಂದ ತಂದು ರಿಪೇರಿ ಮಾಡಿಸಿದ್ದ ಚೈನ್ ಸ್ಟಿಚ್ ಮಷೀನಿನಲ್ಲಿ, ಮೊದಲಿದ್ದ ಬಣ್ಣದ ದಾರವನ್ನೇ ಹುಡುಕಿ ಮಡಿಕೆ ಹೊಲಿದಳು. ಕೆಲಸದಲ್ಲಿ ಒಂದು ಕೊಂಕೂ ತೆಗೆಯುವಂತಿರಲಿಲ್ಲ.

ವಾರ ಕಳೆಯುವ ಮೊದಲೇ ಪಿಳ್ಳಮ್ಮ ಜೀನ್ಸನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಹಿಂದೆ ತಲೆ ತಗ್ಗಿಸಿದ ದೀಪಶ್ರೀ. ಅಂಗಡಿಯಲ್ಲಿ ಆಗ ಇಬ್ಬರು ಹೆಂಗಸರು ಟೀ ಶರ್ಟಿಗೆ ಕಾಯುತ್ತಿದ್ದರು. ಎಳೆದರೆ ಹಿಗ್ಗುವ ಬಟ್ಟೆಯನ್ನು ಸುಕ್ಕು ಬಾರದಂತೆ ಹೊಲಿಯುವುದು ಹೇಗೆಂದು ಜ್ಯೋತಿಲಕ್ಷ್ಮಿ ಅವರಿಗೆ ಪಾಠ ಮಾಡುತ್ತಿದ್ದಳು.

"ನೋಡಮ್ಮಿ, ಒಂದ್ಕಿತ ಒಗೆದಿದ್ಕೆ ಎಂಗಾಗದೆ! ಆಕ್ಕೊಂಡ್ರೆ ನನ್ ಮಗ ಕೆರೆಗಿಳಿಯೋನಂಗೆ ಕಾಣ್ತಾನೆ. ನೆನ್ಸಿ ಕೊಡು ಅಂತ ಅವ್ನು ಬಡ್ಕೊಂಡವ್ನೆ. ಇವ್ಳು ನೋಡುದ್ರೆ, ನಾನು ಕೇಳ್ದೆ, ಅಕ್ಕಾನೇ ಬ್ಯಾಡ ಅಂದ್ರು ಅಂತಾಳೆ. ನೀನೇ ಏಳು, ಇವ್ಳು ಕೇಳುದ್ಲಾ?"

ಜ್ಯೋತಿಲಕ್ಷ್ಮಿ ಜೀನ್ಸನ್ನು ಕೈಗೆ ತೆಗೆದುಕೊಂಡಳು. ಟೇಪು ಬೇಕಾಗಲಿಲ್ಲ. ಫ್ಯಾಕ್ಟರಿಯಲ್ಲಿ ನೀರಿಗೆ ಎಷ್ಟು ಕುಗ್ಗುತ್ತದೆಂದು ಮೊದಲೇ ನೋಡಿ, ಅಷ್ಟು ಉದ್ದ ಸೇರಿಸಿಯೇ ಅಳತೆ ಕಳಿಸುತ್ತಿದ್ದರು. ಆ ಕೆಲಸ ಬೇರೆ ಕೋಣೆಯಲ್ಲಿ, ಬೇರೆಯವರು ಮಾಡುತ್ತಿದ್ದದ್ದು. ಅವಳ ಲೈನಿಗೆ ಬರುತ್ತಿದ್ದದ್ದು ಆಗಲೇ ಉದ್ದ ಸೇರಿಸಿದ ಅಳತೆ. ಇಲ್ಲಿ ಸೇರಿಸುವವರು ಯಾರಿದ್ದರು? ಅವಳೇ ಸೇರಿಸಬೇಕಿತ್ತು, ಇಲ್ಲವೇ ಹುಡುಗಿ ಹೇಳಿದಂತೆ ನೆನೆಸಬೇಕಿತ್ತು. ಅದು ಹೊಳೆದ ಕ್ಷಣವೇ ಕಾಯುತ್ತಿದ್ದ ಹೆಂಗಸರ ಕಣ್ಣು ತನ್ನ ಮೇಲಿರುವುದೂ ಕಂಡಿತು. ನಾಲಿಗೆ ಅವಳಿಗಿಂತ ಮೊದಲೇ ಹೊರಟಿತು.

"ಇಲ್ಲಮ್ಮ. ಕೇಳಿದ್ರೆ ನಾನೇ ನೆನೆಸ್ಕೊಂಡು ಬಾ ಅಂತಿದ್ದೆ."

ದೀಪಶ್ರೀ ತಲೆಯೆತ್ತಿ ಅವಳನ್ನು ಒಮ್ಮೆ ನೋಡಿದಳು. "ಕೇಳುಸ್ತಾ?" ಎಂದು ಪಿಳ್ಳಮ್ಮ ಸೊಸೆಯನ್ನು ಕರೆದುಕೊಂಡು ಹೊರಟರು. ಹೆಂಗಸರಲ್ಲೊಬ್ಬಳು "ಈಗಿನ ಹುಡ್ಗೀರು" ಎಂದು ಲೊಚಗುಟ್ಟಿದಳು. ಜ್ಯೋತಿಲಕ್ಷ್ಮಿಯೂ ಹೂಂಗುಟ್ಟಿದಳು! ಸುಳ್ಳಿಗಿಂತ ಹಾಗೆ ಹೂಂಗುಟ್ಟಿದ್ದಕ್ಕೇ ಆಮೇಲೆ ಅವಳಿಗೆ ಹೆಚ್ಚು ನಾಚಿಕೆಯಾದದ್ದು. ಪ್ಯಾಂಟು ಕೆಡಿಸಿದ್ದನ್ನು ಒಪ್ಪಿಕೊಂಡಿದ್ದರೆ ಎರಡು ದಿನ ಜನ ಆಡಿಕೊಳ್ಳುತ್ತಿದ್ದರು, ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂಗಡಿಯ ಮುಂದೆ ಯಾರು ನಕ್ಕರೂ ಅವಳಿಗೆ ತನ್ನನ್ನೇ ನೋಡಿ ನಕ್ಕಂತಾಗುತ್ತಿತ್ತು. ಹಾಲಿನ ಬೂತಿನ ಹತ್ತಿರ ದೀಪಶ್ರೀ ಕಂಡರೆ ಇವಳೇ ರಸ್ತೆ ದಾಟಿಬಿಡುತ್ತಿದ್ದಳು. ಹೀಗಿರುವಾಗ ಪಕ್ಕದ ಹೂವಿನಂಗಡಿಯ ದೇವಕ್ಕ ಒಂದು ಬೆಳಿಗ್ಗೆ ಹೇಳಿದಳು: "ಪಿಳ್ಳಮ್ಮ ಈಗ ಸೊಸೆ ಏನಂದ್ರೂ ನಂಬಲ್ವಂತೆ. ತಲೆನೋವು ಅಂತ ಮಲಗಿದ್ರೂ, ನಿಜಾನಾ ಅಂತ ಲೋಕೇಶನ್ನ ಕೇಳ್ತಾರಂತೆ ಕಣೇ."

ಜ್ಯೋತಿಲಕ್ಷ್ಮಿಗೆ ಕೈಯಲ್ಲಿದ್ದ ಕೆಲಸ ಮುಂದೆ ಹೋಗಲಿಲ್ಲ. ಶಟರ್ ಎಳೆದು ನೇರವಾಗಿ ಪಿಳ್ಳಮ್ಮನವರ ಮನೆಗೆ ನಡೆದಳು. ಮಳಿಗೆ ಖಾಲಿ ಮಾಡು ಎಂದರೂ ಸರಿ, ಊರೆಲ್ಲ ಉಗಿದರೂ ಸರಿ, ಇವತ್ತು ಹೇಳಿಯೇ ತೀರಬೇಕು.

ಪಿಳ್ಳಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಜ್ಯೋತಿಲಕ್ಷ್ಮಿ ಕೂರಲೂ ಇಲ್ಲ. "ಅಮ್ಮ, ಅವತ್ತು ನಾನು ಸುಳ್ಳು ಹೇಳ್ದೆ. ದೀಪ ಕೇಳಿದ್ಲು. ನೆನೆಸ್ಕೊಂಡು ತರ್ಲಾ ಅಂದ್ಲು. ನಾನೇ ಜಂಬ ಮಾಡಿ ಬೇಡ ಅಂದೆ. ತಪ್ಪೆಲ್ಲಾ ನಂದೇ."

ಪಿಳ್ಳಮ್ಮ ಅವಳನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಮೆತ್ತಗಾಯಿತು.

"ದೀಪಾ, ಬಾ ಇಲ್ಲಿ," ಎಂದು ಒಳಗೆ ಕೂಗಿದರು. "ನಿನ್ ಮಾನ ಉಳ್ಸಕ್ಕೆ ಅಂಗ್ಡಿ ಮುಚ್ಕೊಂಡು ಬಂದವ್ಳೆ ನೋಡು, ಪುಣ್ಯಾತ್ಗಿತ್ತಿ. ತಪ್ಪು ತನ್ ಮೇಲ್ ಆಕ್ಕೊಂತಾವ್ಳೆ."

"ಇಲ್ಲಮ್ಮ, ನಿಜವಾಗ್ಲೂ..."

"ಸುಮ್ಕಿರಮ್ಮಿ! ಗಾರ್ಮೆಂಟ್ಸಲ್ಲಿ ಸೂಪ್ರವೈಸರ್ ಆಗಿದ್ದೋಳು, ನಿಂಗೆ ಇಷ್ಟು ಗೊತ್ತಿರ್ಲಿಲ್ಲ ಅಂದ್ರೆ ಯಾರ್ ನಂಬ್ತಾರೆ? ಈ ಕಾಲ್ದಲ್ಲಿ ಯಾರಿಗದೆ ಇಂತಾ ಮನ್ಸು." ಅವರು ಸೊಸೆಯ ಕಡೆ ತಿರುಗಿದರು. "ಕಲ್ತ್ಕೋ. ಅಕ್ಕಂಗೆ ಥ್ಯಾಂಕ್ಸ್ ಏಳು."

ದೀಪಶ್ರೀ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಜ್ಯೋತಿಲಕ್ಷ್ಮಿ ಅವಳ ಮುಖದಲ್ಲಿ ಕೋಪವನ್ನು ಹುಡುಕಿದಳು, ಒಂದು ಬೈಗುಳ ಸಿಕ್ಕಿದ್ದರೂ ಬದುಕಿಕೊಳ್ಳುತ್ತಿದ್ದಳು. ಹುಡುಗಿ ಅವಳ ಕಣ್ಣಲ್ಲೇ ಕಣ್ಣಿಟ್ಟು, ಒಂದೊಂದೇ ಅಕ್ಷರ ಬಿಡಿಸಿ, "ತುಂಬಾ ಥ್ಯಾಂಕ್ಸ್ ಅಕ್ಕ" ಎಂದಳು.

ಪಿಳ್ಳಮ್ಮ ಜ್ಯೋತಿಲಕ್ಷ್ಮಿಯ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಕಾಫಿಗೆ ಸಕ್ಕರೆ ಇನ್ನೊಂದು ಚಮಚ ಜಾಸ್ತಿ ಹಾಕು ಎಂದು ಸೊಸೆಗೆ ಹೇಳಿದರು.