ಕೋರಂಗೊಬ್ಬಳು ಬೇಕಿತ್ತು

ನಗರಸಭೆಯ ವಸತಿ ಸಲಹಾ ಸಮಿತಿಗೆ ಬಸ್ ಓಡಿಸುವ ಡ್ರೈವರಮ್ಮನನ್ನು ಸೇರಿಸಿಕೊಂಡದ್ದಕ್ಕೆ ಒಂದೇ ಕಾರಣ, ಅವಳಿಗೆ ಮನೆ ಇರಲಿಲ್ಲ. ಕಡಿಮೆ ಬಾಡಿಗೆಯ ಮನೆಗೆ ಅರ್ಜಿ ಹಾಕಿ ಕಾಯುತ್ತಿರುವವರು ಸಮಿತಿಯ ಏಳು ಜನರಲ್ಲಿ ಒಬ್ಬರಾದರೂ ಇರಲೇಬೇಕೆಂದು ನಿಯಮವಂತೆ. ಉಳಿದ ಆರು ಜನರಿಗೆ ಎಷ್ಟೆಷ್ಟು ಮನೆಗಳಿವೆ ಎಂದು ಕೇಳುವ ನಿಯಮವೇನೂ ಇರಲಿಲ್ಲ, ಬಿಡಿ.

ಅವಳಿಗೆ ಮನೆ ಬೇಕಾಗಿದ್ದದ್ದು ಅಕ್ಕನಿಗಾಗಿ. ಇಬ್ಬರೂ ಇದ್ದದ್ದು ಮೂರನೇ ಮಹಡಿಯ ಒಂದು ಕೋಣೆಯಲ್ಲಿ, ಲಿಫ್ಟ್ ಎಂಬುದು ಅಲ್ಲಿ ಕನಸಿನ ಮಾತು. ಮಂಡಿ ಕೈಕೊಟ್ಟ ಮೇಲೆ ಅಕ್ಕ ಬೀದಿಗಿಳಿದೇ ವರ್ಷವಾಗಿತ್ತು. ಹಳೇ ಗಿರಣಿ ಜಾಗದಲ್ಲಿ ಕಟ್ಟಬೇಕೆಂದಿದ್ದ ನಲವತ್ತು ಮನೆಗಳಲ್ಲಿ ನೆಲಮಹಡಿಯವು ಮೆಟ್ಟಿಲು ಹತ್ತಲಾಗದವರಿಗೆ. ಅಕ್ಕತಂಗಿಯರ ಅರ್ಜಿ ಸಾಲಿನ ಮುಂದೆಯೇ ಇತ್ತು. ಆ ಮನೆಗಳಿಗೆ ಬಂದ ಸರ್ಕಾರದ ದುಡ್ಡನ್ನು ಸಮಿತಿ ಇವತ್ತು ಸಂಜೆಯೊಳಗೆ ಒಪ್ಪದಿದ್ದರೆ ಅದು ಬೇರೆ ಊರಿನ ಪಾಲು.

ಅಧ್ಯಕ್ಷರಾಗಿದ್ದ ನಿವೃತ್ತ ಮೇಷ್ಟ್ರು ವಿಷಯ ಎತ್ತಿದ್ದೇ ತಡ, ಗುಮಾಸ್ತರು ಗಂಟಲು ಸರಿಮಾಡಿಕೊಂಡರು.

"ಡ್ರೈವರಮ್ಮ, ನೀವು ಹೊರಗೆ ಕೂತ್ಕೋಬೇಕು. ನಿಮ್ಮದೇ ಅರ್ಜಿ ಇದೆಯಲ್ಲ, ಸ್ವಂತ ಲಾಭದ ವಿಷಯದಲ್ಲಿ ನೀವು ಕೈ ಎತ್ತೋ ಹಾಗಿಲ್ಲ."

"ಅರ್ಜಿ ಇದೆ ಅಂತಲೇ ತಾನೇ ನನ್ನ ಕರೆದಿದ್ದು?"

"ಅದು ಬೇರೆ ನಿಯಮ."

ಅವಳು ಹೊರಗೆ ಬೆಂಚಿನ ಮೇಲೆ ಕೂತಳು. ಬೆನ್ನು ಬೆಂಚಿಗೆ ತಾಗುವಷ್ಟರಲ್ಲಿ ಗುಮಾಸ್ತರು ಓಡಿಬಂದರು. ಇಬ್ಬರು ಸದಸ್ಯರು ಬಂದಿರಲಿಲ್ಲ. ಸಭೆ ನಡೆಯಲು ಕೋರಂಗೆ ಕನಿಷ್ಠ ಐದು ಜನ ಬೇಕು, ಇವಳೆದ್ದು ಬಂದ ಮೇಲೆ ಒಳಗೆ ಉಳಿದದ್ದು ನಾಲ್ಕೇ. ಇವಳು ಒಳಗೆ ಹೋದಳು. ಕೋರಂ ತುಂಬಿತು, ಮೇಷ್ಟ್ರು ಮತ್ತೆ ವಿಷಯ ಎತ್ತಿದರು, ಇವಳು ಮತ್ತೆ ಹೊರಗೆ ನಡೆಯಬೇಕಾಯಿತು. ಮೂರನೇ ಸಲವೂ ಹೀಗೇ ಆದಾಗ, ದಿನವಿಡೀ ಟ್ರಾಫಿಕ್ಕಿನಲ್ಲಿ ಬಸ್ ನುಗ್ಗಿಸುವವಳಿಗೆ ಎಡ ಯಾವುದು ಬಲ ಯಾವುದು ತಿಳಿಯದಷ್ಟು ತಲೆ ಕೆಟ್ಟಿತು. ಅತ್ತ ದರಿ, ಇತ್ತ ಪುಲಿ. ಬಾರದ ಇಬ್ಬರಿಗೂ ಮೇಷ್ಟ್ರು ಫೋನ್ ಮಾಡಿದ್ದರು. ಒಬ್ಬರು ಹಲ್ಲು ಕೀಳಿಸಿಕೊಳ್ಳುತ್ತಿದ್ದರು, ಇನ್ನೊಬ್ಬರು ಎತ್ತಲೇ ಇಲ್ಲ.

"ಒಂದು ದಾರಿ ಇದೆ," ಎಂದರು ಔಷಧಿ ಅಂಗಡಿಯವರು. ಅವರೂ ಸದಸ್ಯರೇ, ಕೆಟ್ಟವರಲ್ಲ. "ಅರ್ಜಿ ವಾಪಸ್ ತಗೊಂಡುಬಿಟ್ರೆ ಇವರಿಗೆ ಲಾಭ ಇಲ್ಲ. ಕೂತು ಕೈ ಎತ್ತಬಹುದು."

"ಆಮೇಲೆ ಮತ್ತೆ ಹಾಕಬಹುದಾ?" ಎಂದಳು ಡ್ರೈವರಮ್ಮ.

"ಧಾರಾಳವಾಗಿ," ಎಂದರು ಗುಮಾಸ್ತರು. "ಸಾಲಿನ ಕೊನೆಗೆ."

"ಅರ್ಜಿ ಇಲ್ಲದೆ ಇದ್ರೆ ನಾನು ಸಮಿತಿಲಿ ಹೇಗಿರ್ತೀನಿ?"

ಗುಮಾಸ್ತರು ನಿಯಮದ ಪುಸ್ತಕ ತಿರುವಿ ಹಾಕಿದರು. ಸೇರುವಾಗ ಅರ್ಜಿ ಇದ್ದರೆ ಸಾಕಂತೆ. ಎಲ್ಲರ ಮುಖ ಅರಳಿತು. ಅಷ್ಟೂ ಜೊತೆ ಕಣ್ಣು ತನ್ನ ಮೇಲೆಯೇ ನೆಟ್ಟಿರುವಾಗ ಅವಳಿಗೆ ಏನು ಯೋಚಿಸಬೇಕೆಂದೇ ಹೊಳೆಯಲಿಲ್ಲ. ಬೇಡವೆಂದರೆ ನಲವತ್ತು ಮನೆಯೂ ಹೋಯಿತು, ಹೂಂ ಎಂದರೆ ತಮ್ಮದೊಂದು ಹೋಯಿತು. ಲೆಕ್ಕವೇನೋ ಸರಿಯಾಗಿಯೇ ಇತ್ತು, ಆದರೂ ಎಲ್ಲೋ ಏನೋ ತಪ್ಪಿದಂತೆ ಅನಿಸುತ್ತಲೇ ಇತ್ತು.

"ಮನೆಯವರಲ್ಲಿ ಯಾರು ಸಹಿ ಹಾಕಿದ್ರೂ ಆಗುತ್ತೆ," ಎಂದು ಗುಮಾಸ್ತರು ಪೆನ್ನು ಮುಂದೆ ಮಾಡಿದರು.

ಅವಳು ಸಹಿ ಹಾಕಿದಳು. ಐದು ಕೈಗಳು ಮೇಲೆದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು. ತನಗೆ ಸಂತೋಷವಾಗಿದೆಯೋ ಅಳು ಬರುತ್ತಿದೆಯೋ ಅವಳಿಗೇ ಗೊತ್ತಾಗಲಿಲ್ಲ.

ಮೆಟ್ಟಿಲು ಹತ್ತಿ ಬಾಗಿಲು ತೆಗೆದರೆ ಅಕ್ಕ ಮಂಚದ ಮೇಲೆ ಕಾಲು ನೀವಿಕೊಳ್ಳುತ್ತ ಕೂತಿದ್ದಳು.

"ಏನಾಯ್ತೇ?"

"ಪಾಸಾಯ್ತು ಅಕ್ಕ. ನಲವತ್ತೂ."

ಅಕ್ಕನ ಮುಖ ನೋಡುತ್ತ ಅಷ್ಟಕ್ಕೇ ನಿಲ್ಲಿಸಿಬಿಡಬಹುದಿತ್ತು. ಆದರೆ ಅಕ್ಕನ ಹತ್ತಿರ ಅವಳ ಹೊಟ್ಟೆಯಲ್ಲಿ ಯಾವತ್ತೂ ಮಾತು ನಿಂತದ್ದಿಲ್ಲ. ಹೊರಗೆ ಹೋದದ್ದು, ಒಳಗೆ ಬಂದದ್ದು, ಸಹಿ, ಎಲ್ಲ ಹೇಳಿದಳು. ನಡುವೆ ಎರಡು ಸಲ ಗೋಜಲಾಗಿ ಮೊದಲಿಂದ ಶುರುಮಾಡಿದಳು.

ಅಕ್ಕ ಬಯ್ಯಲಿಲ್ಲ. ಮಂಡಿ ನೀವುತ್ತಿದ್ದ ಕೈ ಮಾತ್ರ ನಿಂತಿತು.

"ಮೂರು ಸಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆ ಅಂದ್ಯಲ್ಲ, ಫೋನ್ ಇರಲಿಲ್ವಾ?"

"ಇತ್ತು."

"ಕೇಳಿದ್ರೆ ನಾನೇ ತೆಗೆದುಬಿಡು ಅಂತಿದ್ದೆ ಕಣೇ. ನಲವತ್ತು ಮನೆ ಅಂದ್ರೆ ಸುಮ್ಮನೇನಾ? ಆದ್ರೆ ನನ್ನೊಬ್ಬಳನ್ನ ಬಿಟ್ಟು ಎಲ್ಲರನ್ನೂ ಕೇಳಿದ್ದೀರಿ."

'ಕೇಳಿದ್ದೀಯ' ಎನ್ನಬೇಕಾದಲ್ಲಿ ಅಕ್ಕ 'ಕೇಳಿದ್ದೀರಿ' ಎಂದಿದ್ದಳು, ಸಮಿತಿಯವರೆಲ್ಲರಿಗೂ ಸೇರಿಸಿ ಹೇಳುವ ಹಾಗೆ. ತಂಗಿ ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತಿದ್ದಳು.