ಪಾಳು ಎಂದು ಬರೆದ ಹೊಲ

ಅಳತೆಗಾರ ಪಿಲ್ಚರ್ ನನ್ನ ಹೊಲವನ್ನು ತನ್ನ ಪುಸ್ತಕದಲ್ಲಿ 'ಪಾಳು' ಎಂದು ಬರೆದುಕೊಂಡ. ಬರೆಯುವಾಗ ಅವನು ನಿಂತಿದ್ದು ನಾನೇ ನೆಟ್ಟ ಮರಗೆಣಸಿನ ನಡುವೆ. ಎಲೆಗಳು ಅವನ ಟೋಪಿಗೆ ತಾಗುತ್ತಿದ್ದವು. ಇಂಗ್ಲಿಷರ ಕಣ್ಣಿಗೆ ಹೊಲವೆಂದರೆ ಗೆರೆ ಎಳೆದಂತೆ ನಿಂತ ಕಬ್ಬು, ಅದರ ಹಿಂದೆ ಚಾಟಿ ಹಿಡಿದ ಒಬ್ಬ ಮನುಷ್ಯ. ನಮ್ಮಲ್ಲಿ ಗೆರೆಯೂ ಇಲ್ಲ, ಚಾಟಿಯೂ ಇಲ್ಲ. ಗುಡ್ಡೆ ಗುಡ್ಡೆಯಾಗಿ ಗೆಣಸು, ಸಂದಿನಲ್ಲಿ ಬಾಳೆ, ಕಡಿಯಲು ಮನಸ್ಸಾಗದೆ ಬಿಟ್ಟ ಹಳೆಯ ಮರಗಳು. ಅದನ್ನು ಕಾಡು ಎಂದುಕೊಂಡ, ಕುರುಡ.

ನಮ್ಮ ಯುರುಮೆಯಿ ದ್ವೀಪವನ್ನು ಫ್ರೆಂಚರು ಇಂಗ್ಲಿಷರಿಗೆ ಕಾಗದದ ಮೇಲೆ ಬಿಟ್ಟುಕೊಟ್ಟಿದ್ದರಂತೆ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ! ಇಲ್ಲೇ ಹುಟ್ಟಿ ಬೆಳೆದ ಕಾರಿಬರು ನಾವು. ನಮ್ಮನ್ನು ಒಂದು ಮಾತು ಕೇಳಿದವರಿಲ್ಲ. ಪಾಳು ಎಂದು ಬರೆದದ್ದೆಲ್ಲ ರಾಜನದ್ದು, ರಾಜನದ್ದೆಲ್ಲ ಹರಾಜಿಗೆ, ಹರಾಜಾದದ್ದೆಲ್ಲ ಕಬ್ಬಿಗೆ. ದ್ವೀಪದ ಆಚೆ ಮಗ್ಗುಲಲ್ಲಿ ಹಾಗೇ ಆಗಿತ್ತು. ನಮ್ಮಲ್ಲಿ ಹೊಲ ಹೆಂಗಸರದ್ದು. ಇದು ನನ್ನ ತಾಯಿ ನೆಟ್ಟ ಹೊಲ, ಅವಳಿಗಿಂತ ಮೊದಲು ಅವಳ ತಾಯಿ ನೆಟ್ಟದ್ದು. 'ಪಾಳು' ಎಂಬ ಆ ಒಂದು ಮಾತಿನಿಂದ ಅದು ನನ್ನ ಕೈಬಿಟ್ಟು ಹೋಗುವುದರಲ್ಲಿತ್ತು.

ಪಿಲ್ಚರನ ಜೊತೆ ಎಂಟು ಮಂದಿ ಕೆಂಪಂಗಿ ಸಿಪಾಯಿಗಳಿದ್ದರು. ಅವರಿಗೆ ಹಿಟ್ಟು ತರುತ್ತಿದ್ದ ದೋಣಿಯನ್ನು ನಮ್ಮ ಗಂಡಸರು ನದಿಯ ಬಾಯಲ್ಲೇ ತಡೆದು ಹಿಂದಕ್ಕೆ ಕಳಿಸಿದರು. ನಾಲ್ಕನೆಯ ದಿನ ಸಿಪಾಯಿಗಳು ಹಸಿವು ತಾಳಲಾರದೆ ನನ್ನ ಗೆಣಸನ್ನೇ ಅಗೆದು, ತುಂಡು ಮಾಡಿ, ದೊಡ್ಡ ಮಡಕೆಯಲ್ಲಿ ಬೇಯಲು ಇಟ್ಟರು.

ನಮ್ಮದು ಕಹಿ ಗೆಣಸು. ತುರಿದು, ಹಿಂಡಿ, ಅದರ ವಿಷದ ಹಾಲು ಹರಿದುಹೋದ ಮೇಲೆ ಹೆಂಚಿನ ಮೇಲೆ ರೊಟ್ಟಿ ಸುಟ್ಟರೆ ವರ್ಷಗಟ್ಟಲೆ ಕೆಡದ ಊಟ. ಹಾಗೇ ಬೇಯಿಸಿ ತಿಂದರೆ ವಿಷ. ನಮ್ಮ ಮಕ್ಕಳಿಗೆ ಮಾತು ಬರುವ ಮೊದಲೇ ಇದು ಗೊತ್ತಿರುತ್ತದೆ.

ಗುಡಿಸಲಿನ ಬಾಗಿಲಲ್ಲಿ ನಿಂತು ನಾನೂ ನನ್ನ ಅತ್ತೆ ಸೆಲಾನಿಯೂ ನೋಡುತ್ತಿದ್ದೆವು.

"ತಿನ್ಲಿ ಬಿಡೇ ಒದಿಲ್," ಎಂದಳು ಅತ್ತೆ. "ನೀನೇನು ಬನ್ನಿ ಅಂತ ಕರೆದಿದ್ಯಾ ಅವ್ರನ್ನ?"

"ಸತ್ರೆ ಇಲ್ಲೇ ಸಾಯ್ತಾರಲ್ಲ ಅತ್ತೆ. ಹೂಳೋಕೂ ನನ್ನ ಹೊಲಾನೇ ಬೇಕಾ?"

ದಯೆ ಎಂದು ತಿಳಿಯಬೇಡಿ. ಸಿಪಾಯಿಗಳು ಸತ್ತರೆ ಕಡಲ ತೀರದ ನಮ್ಮ ಗುಡಿಸಲುಗಳನ್ನೆಲ್ಲ ಸುಡಲು ಅವರಿಗೊಂದು ನೆಪ ಸಿಗುತ್ತಿತ್ತು. ಜೊತೆಗೆ ನನಗೆ ಕೋಪ ನೆತ್ತಿಗೇರಿತ್ತು. ನೇರ ಹೋಗಿ ಮಡಕೆಯನ್ನು ಕಾಲಿನಿಂದ ಒದ್ದು ಉರುಳಿಸಿದೆ.

ಸಿಪಾಯಿಯೊಬ್ಬ ಬಂದೂಕು ಎತ್ತಿದ. ದುಭಾಷಿ ರೆನೊ ಅಡ್ಡ ಬಂದ. ಪಟ್ಟಣದ ರೆನೊನ ತಾಯಿ ನಮ್ಮವಳು, ಸಂಬಳ ಇಂಗ್ಲಿಷರದ್ದು. ಎರಡು ದೋಣಿಯ ಮೇಲೆ ಕಾಲಿಟ್ಟವನು.

"ಅವ್ವಾ, ಯಾಕೆ ಚೆಲ್ಲಿದೆ ಅಂತ ಕೇಳ್ತಿದ್ದಾರೆ ದೊರೆ."

"ನನ್ನ ಗೆಣಸು, ನನ್ನಿಷ್ಟ ಅನ್ನು."

ಪಿಲ್ಚರ್ ಪುಸ್ತಕ ತಟ್ಟಿ ಏನೋ ಹೇಳಿದ. ಅಷ್ಟರಲ್ಲಿ ಬೇಯುವ ಮೊದಲೇ ತಿಂದಿದ್ದ ಒಬ್ಬ ಸಿಪಾಯಿ ಹೊಟ್ಟೆ ಹಿಡಿದು ಕುಸಿದು ವಾಂತಿ ಮಾಡತೊಡಗಿದ. ಉಳಿದವರು ಕೈಯಲ್ಲಿದ್ದ ತುಂಡುಗಳನ್ನು ಹಾವು ಕಂಡವರಂತೆ ಎಸೆದರು.

"ಇದು ಪಾಳು ಭೂಮಿ, ಗೆಣಸು ತಾನಾಗೇ ಹುಟ್ಟಿದ್ದು ಅಂತಾರೆ ದೊರೆ," ಎಂದ ರೆನೊ, ದನಿ ತಗ್ಗಿಸಿ. "ತಿನ್ನೋದು ಹೇಗೆ ಅಂತಾನೂ ಕೇಳ್ತಾರೆ."

"ತಾನಾಗೇ ಹುಟ್ಟಿದ್ದು ಹೇಗೆ ತಿನ್ನೋದು ಅಂತ ನಂಗೇನು ಗೊತ್ತು? ಅದನ್ನೇ ಕೇಳ್ಕೊಳ್ಳಲಿ. ನೆಟ್ಟೋರನ್ನ ಕೇಳೋದಾದ್ರೆ, ನೆಟ್ಟೋಳು ನಾನು. ಮೊದ್ಲು ಹಾಗಂತ ಬರೀಲಿ."

ಪಿಲ್ಚರ್ ನನ್ನನ್ನು ನೋಡಿದ, ವಾಂತಿ ಮಾಡುತ್ತಿದ್ದವನನ್ನು ನೋಡಿದ, ಖಾಲಿ ಮಡಕೆ ನೋಡಿದ. ಹೊಟ್ಟೆ ಮುಂದೆ ರಾಜನೂ ಚಿಕ್ಕವನೇ. 'ಪಾಳು' ಎಂಬುದನ್ನು ಹೊಡೆದುಹಾಕಿ 'ಒದಿಲಳ ಹೊಲ, ಬೆಳೆ ಇದೆ' ಎಂದು ಬರೆದ. ರೆನೊನಿಂದ ಮೂರು ಸಲ ಓದಿಸಿದೆ. ಆಮೇಲೆ ಅವರಿಗೆ ತುರಿಮಣೆ ಕೊಟ್ಟೆ. ಗೆಣಸಿನ ಜೊತೆ ಬೆರಳ ಗೆಣ್ಣನ್ನೂ ತುರಿದುಕೊಂಡರು. ಅತ್ತೆ ಬಾಯಿಗೆ ಕೈ ಒತ್ತಿಕೊಂಡು ನಕ್ಕಳು. ಮಾರನೆಯ ದಿನ ರೊಟ್ಟಿ ತಿಂದು, ವಾಂತಿಯವನನ್ನು ಎಬ್ಬಿಸಿಕೊಂಡು ಪಟ್ಟಣಕ್ಕೆ ಹೊರಟುಹೋದರು.

ಗೆದ್ದೆ ಎಂದುಕೊಂಡೆ. ಊರೆಲ್ಲ ಹೇಳಿಕೊಂಡು ತಿರುಗಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮೂರು ತಿಂಗಳ ಮೇಲೆ ಪಿಲ್ಚರ್ ಮತ್ತೆ ಬಂದ. ಈ ಸಲ ಹೊಟ್ಟೆ ತುಂಬಿತ್ತು, ಹಿಂದೆ ಇಪ್ಪತ್ತು ಸಿಪಾಯಿಗಳಿದ್ದರು. ನನ್ನ ಹೊಲದ ಬದಿಯಲ್ಲೇ ಮೇಜು ಹಾಕಿಸಿ, ಒಂದು ಕಾಗದ ಹಾಸಿ, ಶಾಯಿ ಇಟ್ಟ. ಮುಖದಲ್ಲಿ ನಗು.

"ಈ ಹೊಲ ನಿಂದು ಅಂತ ನೀನೇ ಬರೆಸಿದ್ದೆ," ರೆನೊ ನೆಲ ನೋಡುತ್ತ ಹೇಳಿದ. "ಒಡತಿ ಆದೋಳು ಮಾರಬಹುದು ಅಂತಾರೆ ದೊರೆ. ಸಹಿ ಬದಲು ಇಲ್ಲೊಂದು ಗೀಟು ಹಾಕಿದ್ರೆ ಸಾಕು, ಕೈ ತುಂಬ ಹಣ. ಪಾಳು ಅಂತಿದ್ರೆ ಅದೂ ಸಿಗ್ತಿರ್ಲಿಲ್ಲವಂತೆ."

ನಾನು ಬಾಗಿಲು ಮುಚ್ಚಿದೆ ಎಂದುಕೊಂಡಿದ್ದೆ. ಅವನು ಅದೇ ಬಾಗಿಲಿನಿಂದ ಒಳಗೆ ಬಂದಿದ್ದ.

"ಪಾಳು ಅಂತ ಸುಳ್ಳು ಬರೆದಿದ್ದ, ತಿದ್ದಿಸಿದೆ," ಎಂದೆ. "ಮಾರ್ತೀನಿ ಅಂದ್ನಾ ನಾನು?"

ಪಿಲ್ಚರನ ನಗು ಹೋಯಿತು. ಅವನು ಹೇಳಿದ್ದನ್ನು ರೆನೊ ತಡವರಿಸುತ್ತ ಹೇಳಿದ: "ಹಾಕಿದ್ರೆ ಹಣ. ಹಾಕದಿದ್ರೂ ಹೊಲ ಹೋಗುತ್ತೆ. ಮಳೆ ನಿಂತ ಮೇಲೆ ಸೈನ್ಯ ಬರುತ್ತೆ ಅಂತಾರೆ ಅವ್ವಾ."

ಹೆದರಿದ್ದು ನಿಜ, ಮುಚ್ಚಿಡುವುದಿಲ್ಲ. ಸೈನ್ಯ ಏನು ಮಾಡುತ್ತದೆಂದು ನನಗೆ ಗೊತ್ತಿತ್ತು. ಆದರೆ ಆ ಕಾಗದ, ಆ ಶಾಯಿ, ಅಷ್ಟು ದೂರದಿಂದ ಹೊತ್ತು ತಂದ ಆ ಮೇಜು ನೋಡುತ್ತ ನೋಡುತ್ತ ಒಂದು ಮಾತು ಹೊಳೆಯಿತು.

"ಹಾಕದಿದ್ರೂ ತಗೋತೀಯಲ್ಲ, ಮತ್ತೆ ನನ್ನ ಗೀಟು ನಿಂಗ್ಯಾಕೆ? ಕೇಳು ರೆನೊ."

"ಅವ್ವಾ, ಇದನ್ನ ಹೇಳ್ಲೇಬೇಕಾ?"

"ಹೇಳು. ನಿಮ್ಮವ್ವನ ಹಾಲು ಕುಡಿದಿದ್ರೆ ಒಂದಕ್ಷರ ಬಿಡದೆ ಹೇಳು."

ಹೇಳಿದ. ಪಿಲ್ಚರನ ಕತ್ತು ಅವನ ಸಿಪಾಯಿಗಳ ಅಂಗಿಗಿಂತ ಕೆಂಪಾಯಿತು. ಶಾಯಿಯ ಕುಡಿಕೆಯನ್ನು ಮೇಜಿನ ಮೇಲೆ ಅತ್ತ ಸರಿಸಿದ, ಇತ್ತ ಸರಿಸಿದ.

"ನಾನೇ ಹೇಳ್ತೀನಿ ಕೇಳು," ಎಂದೆ. "ಗೀಟಿಲ್ಲದೆ ತಗೊಂಡ್ರೆ ಅದು ಕಳ್ಳತನ ಅಂತ ನಿಂಗೂ ಗೊತ್ತು, ನಿಮ್ಮ ರಾಜನಿಗೂ ಗೊತ್ತು. ಬಂದೂಕಿದೆ, ಬನ್ನಿ. ನಮ್ಮ ಹತ್ರಾನೂ ಇದೆ, ನೋಡೋಣ. ಕಿತ್ಕೊಂಡ್ರೆ ಕಿತ್ಕೊಂಡ್ವಿ ಅಂತ ಬರ್ಕೊಳ್ಳಿ. ಕೊಂಡ್ಕೊಂಡ್ವಿ ಅಂತ ಬರೆಯೋಕೆ ನಾನಂತೂ ಬಿಡಲ್ಲ."

"ಭಲೇ!" ಎಂದಳು ಸೆಲಾನಿ ಅತ್ತೆ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವಳ ಬಾಯಿಂದ ನನಗೆ ಬಂದ ಮೊದಲ ಹೊಗಳಿಕೆ ಅದು.

ಪಿಲ್ಚರ್ ಕಾಗದ ಸುತ್ತಿಕೊಂಡು ಮುಂದಿನ ಹೊಲಕ್ಕೆ ನಡೆದ. ಅವನಿಗಿಂತ ಮೊದಲು ನಾನು ಕೇಳಿದ ಪ್ರಶ್ನೆ ಅಲ್ಲಿಗೆ ತಲುಪಿತ್ತು. ಅಳತೆಗಾರನ ಹಾಗೆ ಸರಪಳಿ ಎಳೆದುಕೊಂಡು ಹೊಲದಿಂದ ಹೊಲಕ್ಕೆ ನಡೆಯುವ ಕಷ್ಟ ನಮ್ಮ ಹೆಂಗಸರ ಮಾತಿಗಿಲ್ಲ. ತೀರದ ನಲವತ್ತೊಂದು ಹೊಲದಲ್ಲಿ ಅವನು ಮೇಜು ಹಾಕಿಸಿದನಂತೆ. ನಲವತ್ತೊಂದು ಕಡೆಯೂ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ಅದನ್ನೇ ಕೇಳಿದರಂತೆ: ಹಾಕದಿದ್ರೂ ತಗೋತೀಯಲ್ಲ, ಮತ್ತೆ ಗೀಟು ನಿಂಗ್ಯಾಕೆ? ಕೊನೆಕೊನೆಗೆ ರೆನೊ ಅದನ್ನು ಇಂಗ್ಲಿಷಿಗೆ ತಿರುಗಿಸುವುದನ್ನೇ ಬಿಟ್ಟನಂತೆ. ಅಷ್ಟು ಹೊತ್ತಿಗೆ ಪಿಲ್ಚರನಿಗೆ ನಮ್ಮ ಭಾಷೆಯಲ್ಲಿ ಆ ಒಂದು ವಾಕ್ಯ ಬರುತ್ತಿತ್ತು.