ದೊಡ್ಡೋನನ್ನ ಒಂದು ಮಾತು ಕೇಳಿ

ಕೌಂಟರಿನ ಗಾಜಿನಾಚೆ ಕೂತಿದ್ದ ಬ್ಯಾಂಕಿನ ಮೇಡಂ ಮರಣ ಪ್ರಮಾಣಪತ್ರವನ್ನು ಎರಡು ಸಲ ಓದಿ, ಕಂಪ್ಯೂಟರಿನಲ್ಲಿ ಏನೋ ಒತ್ತಿದರು.

"ಇವತ್ತಿಂದ ಈ ಖಾತೆ ನಿಲ್ಲಿಸಿದೀವಿ ಅಮ್ಮ. ಇನ್ನು ಕಾರ್ಡೂ ನಡೆಯಲ್ಲ."

ಅವಳಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಖಾತೆಗೆ ಹೆಂಡತಿಯ ಹೆಸರು ಹಾಕಿಸುವುದೆಂದರೆ ಕರೆಂಟು ಬಿಲ್ಲಿನಲ್ಲಿ ಹೆಸರು ಬದಲಾಯಿಸಿದ ಹಾಗೆ ಅಂದುಕೊಂಡು ಬಂದವಳು ಅವಳು. ಬೆಳಿಗ್ಗೆ ಟೈಲರ್ ಅಂಗಡಿಗೆ ಕಾಜಾ ಹಾಕಿದ ಅಂಗಿಗಳ ಗಂಟು ಕೊಟ್ಟು, ಹಾಗೇ ಇತ್ತ ಬಂದಿದ್ದಳು. ಮನೆ ಬಾಡಿಗೆ, ಅತ್ತೆಯ ಔಷಧಿ, ಮಗಳ ಶಾಲೆ ಎಲ್ಲವೂ ನಿಂತಿದ್ದದ್ದು ಆ ಖಾತೆಯ ಮೇಲೆ.

"ಹಾಗಾದ್ರೆ ದುಡ್ಡು?"

"ನಾಮಿನಿಗೆ ಕೊಡ್ತೀವಿ."

"ನಾಮಿನಿ ನಾನೇ ತಾನೆ?"

"ಇಲ್ಲ, ಅವರ ತಾಯಿ. ಮದುವೆಗೆ ಮುಂಚೆ ತೆಗೆದ ಖಾತೆ ಇದು. ಆಮೇಲೆ ಹೆಸರು ಬದಲಾಯಿಸೋದು ಯಾರಿಗೆ ನೆನಪಿರುತ್ತೆ ಹೇಳಿ. ಅವರನ್ನ ಕರ್ಕೊಂಡು ಬನ್ನಿ, ಅರ್ಜಿಗೆ ಸಹಿ ಹಾಕ್ಲಿ, ಕೆಲಸ ಮುಗೀತು."

"ಅವರು ನಡೆಯೋ ಹಾಗಿಲ್ಲ ಮೇಡಂ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ."

"ಅದಕ್ಯಾಕೆ ಮುಖ ಸಣ್ಣ ಮಾಡ್ಕೋತೀರಿ? ಶುಕ್ರವಾರ ನಾನೇ ಮನೆಗೆ ಬರ್ತೀನಿ. ಅವರ ಗುರುತಿನ ಚೀಟಿ ತೆಗೆದಿಟ್ಟಿರಿ."

ಅವಳು ತಲೆಯಾಡಿಸಿದಳು. ಹೇಳಬೇಕಾಗಿದ್ದ ಮಾತೊಂದನ್ನು ಹೇಳದೆ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡಳು. ಮಗ ಸತ್ತಿದ್ದಾನೆಂದು ಆ ತಾಯಿಗೆ ಯಾರೂ ಹೇಳಿರಲಿಲ್ಲ.

ಲಾರಿ ಓಡಿಸುತ್ತಿದ್ದ ಗಂಡ ದೂರದ ಹೆದ್ದಾರಿಯಲ್ಲಿ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ ಸ್ಟೀರಿಂಗಿನ ಮೇಲೆ ಒರಗಿದವನು ಮತ್ತೆ ಏಳಲಿಲ್ಲ. ಆಗ ಅತ್ತೆ ಆಸ್ಪತ್ರೆಯಲ್ಲಿದ್ದರು, ಆಪರೇಷನ್ ಆಗಿ ಇನ್ನೂ ಕಣ್ಣು ಸರಿಯಾಗಿ ಬಿಟ್ಟಿರಲಿಲ್ಲ. "ಹೃದಯ ಬಲಹೀನವಾಗಿದೆ, ಸದ್ಯಕ್ಕೆ ಯಾವ ಆಘಾತವೂ ಬೇಡ" ಎಂದಿದ್ದರು ಡಾಕ್ಟರು. ಸದ್ಯಕ್ಕೆ ಎಂದರೆ ಎಷ್ಟು ದಿನ ಎಂದು ಯಾರೂ ಕೇಳಲಿಲ್ಲ. ಅತ್ತೆ ಮನೆಗೆ ಬರುವ ಹೊತ್ತಿಗೆ ಮಣ್ಣು ಮುಗಿದಿತ್ತು. ದೊಡ್ಡ ಮಗ ಎಲ್ಲಿ ಎಂದಾಗ ಮೈದುನ, "ಅಣ್ಣನಿಗೆ ದೂರದ ಲೈನ್ ಸಿಕ್ಕಿದೆ ಅಮ್ಮ, ಸಂಬಳ ಜಾಸ್ತಿ" ಎಂದುಬಿಟ್ಟ. ಬಾಯಿ ತಪ್ಪಿ ಏನಾದರೂ ಅಂದಾಳೆಂದು ಮಗಳನ್ನು ಅವಳ ಸೋದರಮಾವನ ಮನೆಗೆ ಕಳಿಸಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಹೇಗೋ ಏನೋ. ಆದರೆ ಅತ್ತೆ ಊಟ ಬಿಟ್ಟರು. "ಒಂದು ಫೋನೂ ಮಾಡಲ್ಲ. ಅವನು ಲಾರಿ ಕಟ್ಕೊಂಡಿದಾನೋ, ಲಾರಿ ಅವನನ್ನ ಕಟ್ಕೊಂಡಿದೆಯೋ?" ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ಅವತ್ತು ಸಂಜೆ ಅವರ ಫೋನು ಬಡಿದುಕೊಂಡಿತು. ಲಾರಿ ಮಾಲೀಕ ತಂದುಕೊಟ್ಟಿದ್ದ ಅಣ್ಣನ ಫೋನನ್ನು ಹಿಡಿದು ಮೈದುನ ಮಹಡಿ ಮೆಟ್ಟಿಲ ಮೇಲೆ ಕೂತಿದ್ದ. ಅಣ್ಣತಮ್ಮಂದಿರ ಧ್ವನಿ ಒಂದೇ ಅಚ್ಚಿನದು. ಮದುವೆಯಾದ ಹೊಸತರಲ್ಲಿ ಅವಳೇ ಎಷ್ಟೋ ಸಲ ಮೋಸಹೋಗಿದ್ದಳು. ಇನ್ನು ಮಂದಗಿವಿಯ ತಾಯಿಗೆ ಗೊತ್ತಾಗುವುದುಂಟೆ? ಅತ್ತೆ ಎದ್ದು ಕೂತು ಅನ್ನ ಕೇಳಿದರು. ಅಲ್ಲಿಂದ ವಾರಕ್ಕೊಂದು ಫೋನು ತಪ್ಪಲಿಲ್ಲ. ಆ ಹೊತ್ತಿಗೆ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದಳು.

ಬ್ಯಾಂಕಿನ ಸುದ್ದಿ ಕೇಳಿದ ಮೈದುನ ತಲೆ ಕೆರೆದುಕೊಂಡ. "ಅದೇನು ದೊಡ್ಡ ವಿಷಯ ಅತ್ತಿಗೆ? ಅಮ್ಮನಿಗೆ ಓದೋಕೆ ಬರಲ್ಲ, ಸಹಿ ಒಂದು ಬರುತ್ತೆ. ಮಾತ್ರೆ ದುಡ್ಡಿನ ಕಾಗದ ಅನ್ನೋಣ. ಆ ಮೇಡಮ್ಮಿಗೆ, ಕಿವಿ ಕೇಳಲ್ಲ ಮಾತು ಬೇಡ ಅನ್ನೋಣ. ಎರಡು ನಿಮಿಷದ ಕೆಲಸ."

"ಸತ್ತವನ ಕಾಗದಕ್ಕೆ ತಾಯಿ ಕೈಲಿ ಸುಳ್ಳು ಹೇಳಿ ಸಹಿ ಹಾಕಿಸೋದಾ?"

"ಹಾಗಾದ್ರೆ ನೀವೇ ಹೇಳಿ ನಿಜ. ಅವರಿಗೇನಾದ್ರೂ ಆದ್ರೆ ಆಮೇಲೆ ನನ್ನ ಮುಖ ನೋಡಬೇಡಿ."

ಅವಳು ಅತ್ತೆಯ ಗುರುತಿನ ಚೀಟಿ ಹುಡುಕಿ ತೆಗೆದಿಟ್ಟಳು.

ಶುಕ್ರವಾರ ಮೇಡಂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಮೈದುನ ಬಾಗಿಲಲ್ಲೇ ಅವರ ಕಿವಿಯಲ್ಲಿ, "ಹಾರ್ಟ್ ಪೇಷಂಟು, ಕಿವೀನೂ ಮಂದ, ಜಾಸ್ತಿ ಮಾತಾಡಿಸಬೇಡಿ" ಎಂದು ಉಸುರಿ ಒಳಕೋಣೆಗೆ ಸರಿದ. ಅತ್ತೆ ದಿಂಬಿಗೊರಗಿ, ಹೊಸಬರು ಬಂದ ಖುಷಿಗೆ ತಲೆ ನೇವರಿಸಿಕೊಂಡು ಸಿದ್ಧರಾಗಿದ್ದರು.

"ಬ್ಯಾಂಕಿನೋರು ಮನೆ ಹುಡುಕ್ಕೊಂಡು ಬಂದ್ರೆ, ನಾವು ಸಾಲ ಮಾಡಿರ್ಬೇಕು, ಇಲ್ಲ ನೀವು ದಾರಿ ತಪ್ಪಿರ್ಬೇಕು. ಯಾವುದಮ್ಮ?"

ಮೇಡಂ ನಕ್ಕರು. "ಎರಡೂ ಅಲ್ಲ ಅಮ್ಮ. ಒಂದು ಸಹಿ ಬೇಕಿತ್ತು." ಅರ್ಜಿಯನ್ನು ರಟ್ಟಿನ ಮೇಲಿಟ್ಟು, ಗುರುತು ಹಾಕಿದ ಜಾಗ ತೋರಿಸಿ ಪೆನ್ನು ಕೊಟ್ಟರು.

ಅತ್ತೆ ಪೆನ್ನು ಹಿಡಿದರು. ಹಿಡಿದು ಸೊಸೆಯ ಕಡೆ ತಿರುಗಿದರು. "ಏನಿದು?"

"ಮಾತ್ರೆ ದುಡ್ಡಿಂದು ಅತ್ತೆ." ಅವಳು ಮೇಡಂ ಕಡೆ ನೋಡಲಿಲ್ಲ.

ಮೇಡಂ ಚಕ್ಕನೆ ತಲೆಯೆತ್ತಿ ಅವಳನ್ನೇ ನೋಡಿದರು.

"ಮಾತ್ರೆದೋ ಮಣ್ಣಿಂದೋ, ದುಡ್ಡಿನ ಕಾಗದ ಅಂದ್ಮೇಲೆ ದೊಡ್ಡೋನನ್ನ ಒಂದು ಮಾತು ಕೇಳ್ತೀನಿ," ಎಂದರು ಅತ್ತೆ. "ಅವನನ್ನ ಕೇಳ್ದೆ ನಾನು ಎಲ್ಲೂ ಗೀಚಿದವಳಲ್ಲ. ತಪ್ಪು ತಿಳೀಬೇಡಿ ಮೇಡಂ. ನನ್ನ ದೊಡ್ಡ ಮಗ, ಲಾರಿ ಡ್ರೈವರು. ಫೋನ್ ತೆಗೀತಾನೆ, ಒಂದು ನಿಮಿಷ."

"ಯಾರು ತೆಗೀತಾರೆ?" ಎಂದರು ಮೇಡಂ. ಅವರ ಕಣ್ಣು ಅರ್ಜಿಯ ಮೇಲೆ ಬರೆದ ಹೆಸರಿನ ಮೇಲಿತ್ತು.

ಅತ್ತೆಗೆ ಅದು ಕೇಳಿಸಲಿಲ್ಲ. ದಿಂಬಿನಡಿಯಿಂದ ಫೋನು ತೆಗೆದು, ಅಭ್ಯಾಸವಾಗಿದ್ದ ಗುಂಡಿ ಒತ್ತಿ, ಸದ್ದು ಪೂರ್ತಿ ಏರಿಸಿ ಕಿವಿಗಾನಿಸಿದರು. ಒಳಕೋಣೆಯಲ್ಲಿ ಏನೋ ಗುಂಯ್ಗುಟ್ಟಿದ್ದು ಇಬ್ಬರು ಹೆಂಗಸರಿಗೆ ಕೇಳಿತು. ಮೇಡಂ ಮುಚ್ಚಿದ ಬಾಗಿಲನ್ನು ನೋಡಿದರು, ಆಮೇಲೆ ಅವಳನ್ನು. ಅವಳು ತಲೆ ತಗ್ಗಿಸಿದಳು.

"ಹೇಳಮ್ಮ," ಎಂದಿತು ಫೋನು, ಕೋಣೆ ತುಂಬುವಷ್ಟು ಜೋರಾಗಿ.

"ಏನಪ್ಪ, ಊಟ ಆಯ್ತಾ? ಇಲ್ಲಿ ಬ್ಯಾಂಕಿನೋರು ಬಂದಿದಾರೆ. ಏನೋ ಕಾಗದ. ಸಹಿ ಹಾಕ್ಲಾ?"



"ಹಾಕಮ್ಮ. ನಾನೇ ಹೇಳಿ ಕಳಿಸಿದ್ದು."

ಗಂಡನ ಧ್ವನಿಯೇ. ಕೊನೆಯಲ್ಲಿ ಸ್ವಲ್ಪ ಜಾರುವ ಅದೇ ರಾಗ. ಇಷ್ಟು ದಿನ ನಲ್ಲಿಯ ಸದ್ದಿನಲ್ಲಿ ಮುಚ್ಚಿಕೊಂಡಿದ್ದ ಧ್ವನಿ ಈಗ ಎದುರಿಗೇ ನಿಂತು, ತಾನು ಸತ್ತದ್ದಕ್ಕೆ ತಾನೇ ಒಪ್ಪಿಗೆ ಕೊಡುತ್ತಿತ್ತು. ಅತ್ತೆ ನೆಮ್ಮದಿಯಿಂದ ಪೆನ್ನನ್ನು ಕಾಗದಕ್ಕೆ ತಾಗಿಸಿ ತಮ್ಮ ಹೆಸರಿನ ಮೊದಲ ಅಕ್ಷರ ತಿದ್ದತೊಡಗಿದರು.

ಅವಳು ಹೋಗಿ ಆ ಕೈ ಹಿಡಿದಳು.

"ಹಾಕಬೇಡಿ ಅತ್ತೆ. ಅದು ಅವರಲ್ಲ."

"ಆಂ?"

"ಅವರು ಇಲ್ಲ ಅತ್ತೆ."

"ಜೋರಾಗಿ ಹೇಳು ಹುಡುಗಿ, ಬಾಯಲ್ಲಿ ಏನಿಟ್ಕೊಂಡಿದೀಯ?"

ಒಂದು ಸಲ ಹೇಳುವುದಕ್ಕೇ ಇದ್ದಬದ್ದ ಧೈರ್ಯವೆಲ್ಲ ಖರ್ಚಾಗಿತ್ತು. ಅವಳು ಅತ್ತೆಯ ಕಿವಿಯ ಹತ್ತಿರ ಬಗ್ಗಿದಳು. "ನಿಮ್ಮ ಮಗ ತೀರಿಕೊಂಡ್ರು ಅತ್ತೆ! ನೀವು ಆಸ್ಪತ್ರೇಲಿದ್ದಾಗ್ಲೇ! ಲಾರೀಲೇ ಹೋಗಿಬಿಟ್ರು!" ಬೀದಿಯಲ್ಲಿ ಯಾರೋ ನಿಂತು ಇತ್ತ ನೋಡಿದರು.

ಫೋನಿನಲ್ಲಿ "ಅತ್ತಿಗೆ!" ಎಂದು ಒಂದು ಕೂಗು ಕೇಳಿಸಿತು. ಅದೇ ಕೂಗು ಒಳಕೋಣೆಯಿಂದಲೂ ಬಂತು.

ಅತ್ತೆ ಫೋನನ್ನು ಕಿವಿಯಿಂದ ತೆಗೆದು ನೋಡಿದರು. ಬಾಗಿಲು ತೆರೆದು ಕಿರಿಯ ಮಗ ಹೊಸ್ತಿಲಲ್ಲಿ ನಿಂತಿದ್ದ. ಅವನ ಕೈಯಲ್ಲಿದ್ದ ಅಣ್ಣನ ಫೋನನ್ನೂ ನೋಡಿದರು. ಅವಳು ಮಾತ್ರೆಯ ಡಬ್ಬಿ ಎಳೆದುಕೊಂಡು, ನೀರಿನ ಲೋಟ ಹಿಡಿದು ಕಾದಳು. ಅತ್ತೆ ಎದೆ ಹಿಡಿದುಕೊಳ್ಳಲಿಲ್ಲ. ಅಳಲೂ ಇಲ್ಲ. ಉಸಿರು ಮಾತ್ರ ಬಾಯಿಂದ ಹೋಗಿ ಬರುತ್ತಿತ್ತು.

"ಇಷ್ಟು ದಿನ ನನಗೆ ಉಣ್ಣಿಸಿದ್ರಲ್ಲ," ಎಂದರು ಕೊನೆಗೆ. "ಅವನು ಹೋದ ಮೇಲೆ ಹೊಟ್ಟೆ ತುಂಬ ಉಂಡು ನಗ್ತಾ ಇದ್ದೆ ನಾನು. ಮುಖ ತೋರಿಸದೆ ಕಳಿಸಿಬಿಟ್ರಿ."

"ಡಾಕ್ಟ್ರು ಹೇಳಿದ್ರು ಅತ್ತೆ..."

"ಡಾಕ್ಟ್ರು ಹೆತ್ತಿದ್ರಾ ಅವನನ್ನ?"

ಮೈದುನ ಹತ್ತಿರ ಬಂದು "ಅಮ್ಮ" ಎಂದ. ಅತ್ತೆ ಥಟ್ಟನೆ ಕೈ ಅಡ್ಡ ಹಿಡಿದರು.

"ನೀನು ಮಾತಾಡಬೇಡ. ನಿನ್ನ ಬಾಯಲ್ಲಿ ಅವನು ಬರ್ತಾನೆ."

ಆಳೆತ್ತರದ ಗಂಡಸು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು ಗೋಡೆಗೆ ಆನಿಕೊಂಡ. ತಪ್ಪಾಯಿತು ಅನ್ನಲಿಕ್ಕೂ ಅವನಿಗೆ ಬೇರೆ ಧ್ವನಿ ಇರಲಿಲ್ಲ.

ಮೇಡಂ ಮೆಲ್ಲಗೆ ಪೆನ್ನು ತೆಗೆದುಕೊಂಡರು. ಅರ್ಧ ತಿದ್ದಿದ ಅಕ್ಷರವಿದ್ದ ಅರ್ಜಿಯನ್ನು ಎರಡಾಗಿ ಮಡಚಿ ಚೀಲಕ್ಕೆ ಹಾಕಿಕೊಂಡರು. ಬಾಗಿಲ ತನಕ ಬಂದ ಅವಳಿಗೆ, "ಇದು ಇನ್ನು ನಡೆಯಲ್ಲ, ಹೊಸದು ತುಂಬಿಸಬೇಕು. ಅವರಾಗೇ ಹಾಕ್ತೀನಿ ಅಂದಾಗ ಫೋನ್ ಮಾಡಿ. ಅಲ್ಲಿವರೆಗೆ ನಾನೇನೂ ಮಾಡೋ ಹಾಗಿಲ್ಲ" ಎಂದರು.

"ಹಾಕದೇ ಹೋದ್ರೆ?"

ಮೇಡಂ ಚಪ್ಪಲಿ ಮೆಟ್ಟಿಕೊಂಡರು.

ಅವಳು ಒಳಗೆ ಬಂದಾಗ ಅತ್ತೆ ಕಾಯುತ್ತಿದ್ದರು. ಔಷಧಿ ಸಂಜೆಗೆ ಮುಗಿಯುತ್ತದೆ, ಮನೆ ಮಾಲೀಕ ನಾಳೆ ಬರುತ್ತಾನೆ ಎಂಬುದೆಲ್ಲ ಅವಳ ತಲೆಯಲ್ಲಿತ್ತು. ಆದರೆ ಸಹಿಯ ಮಾತೆತ್ತುವ ಮುಖ ಅವಳಿಗಿರಲಿಲ್ಲ.

"ಕೂತ್ಕೋ," ಎಂದರು ಅತ್ತೆ. "ಯಾರು ಮೊದಲು ನೋಡಿದ್ದು? ಯಾವ ಅಂಗಿ ಹಾಕಿದ್ದ? ಏನೂ ಬಿಡಬೇಡ. ನನ್ನ ಒಳ್ಳೇದಕ್ಕೆ ಅಂತ ಒಂದು ಮಾತು ಬಿಟ್ರೂ ನಿನ್ನ ಮುಖ ನೋಡಲ್ಲ."

ಅವಳು ನೆಲದ ಮೇಲೆ ಕೂತು, ಲಾರಿ ಮಾಲೀಕನ ಫೋನು ಬಂದ ಹೊತ್ತಿನಿಂದ ಹೇಳತೊಡಗಿದಳು.